ಉಣ್ಣುವ ಕೈ ಕಡೆಯ ಕಣ್ಣು

ಒಂದೇ ಬೆಳಿಗ್ಗೆ ಹನೂರಿನ ಒಂದು ಶಾಲೆಯಲ್ಲಿ ಕೂತಿದ್ದ ಅಷ್ಟೂ ಮುದುಕ ಮುದುಕಿಯರ ಎಡಗಣ್ಣನ್ನು ಬಲಗಣ್ಣು, ಬಲಗಣ್ಣನ್ನು ಎಡಗಣ್ಣು ಮಾಡಿಟ್ಟವನು ನಾನು. ಅದಕ್ಕೆ ನನಗೆ ಬೇಕಾಗಿದ್ದು ಒಂದು ಸುರುಳಿ ಪ್ಲಾಸ್ಟರು, ಒಂದು ಕತ್ತರಿ ಮತ್ತು ಕುತ್ತಿಗೆಗೆ ಬಿಗಿದಿದ್ದ ಟೈ ಕೊಟ್ಟ ಧೈರ್ಯ. ಇಂಥ ಕೆಲಸ ಮಾಡಿದವನು ಕೊಳ್ಳೇಗಾಲ ತಾಲ್ಲೂಕಿನಲ್ಲಿ ನನಗಿಂತ ಮುಂಚೆ ಯಾರೂ ಇರಲಿಲ್ಲ. ಆಮೇಲೂ ಯಾರೂ ಮುಂದೆ ಬಂದಿಲ್ಲ.

ಆಗ ಕೊಳ್ಳೇಗಾಲದಲ್ಲಿ ಒಂದು ಸೋದರ ಸಂಘವಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿಯ ಮಹಡಿ ಮೇಲೆ ಸೇರುತ್ತಿದ್ದರು. ರೈಸ್‌ಮಿಲ್ಲಿನವರು, ಬೆಲ್ಲದ ಮಂಡಿಯವರು, ಒಬ್ಬ ವಕೀಲರು, ಕಣ್ಣಿನ ಡಾಕ್ಟರು ಒಬ್ಬರು. ಎಲ್ಲರಿಗೂ ಎದೆ ಮೇಲೆ ಅಡ್ಡಲಾಗಿ ನೀಲಿ ಪಟ್ಟಿ. ನನ್ನ ಸೋದರಮಾವ ಅದರ ಕಾರ್ಯದರ್ಶಿ. ಜನಸೇವೆಯ ಹಂಬಲದಿಂದ ಸೇರಿದೆ ಅಂತ ಹೇಳಿದರೆ ಮಾವನೇ ನಗುತ್ತಾರೆ. ಮೀಟಿಂಗ್ ಮುಗಿದ ಮೇಲೆ ಕೇಸರಿಬಾತು, ಖಾರಾಬಾತು ಕೊಡುತ್ತಿದ್ದರು, ಅದರ ವಾಸನೆ ನಮ್ಮ ಸೈಕಲ್ ಅಂಗಡಿಯ ತನಕ ಬರುತ್ತಿತ್ತು.

ಸೇರುವುದಕ್ಕೆ ಒಂದು ಶಾಸ್ತ್ರವಿತ್ತು. ಹೊಸಬನ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿ ಕೋಣೆಯ ಸುತ್ತ ನಡೆಸುತ್ತಾರೆ. ಸೋದರರು ಕೈ ಹಿಡಿದು ಅವನನ್ನು ದೀಪದ ಮುಂದೆ ತಂದು ನಿಲ್ಲಿಸಿ ಬಟ್ಟೆ ಬಿಚ್ಚುತ್ತಾರೆ. ಕತ್ತಲಿಂದ ಬೆಳಕಿಗೆ ಬಂದ ಹಾಗೆ. ನಾನು ದೀಪದ ಮುಂದೆ ನಿಲ್ಲಲಿಲ್ಲ, ದೀಪದ ಮೇಲೆಯೇ ಬಿದ್ದೆ. ಎಣ್ಣೆಯೆಲ್ಲ ಅಧ್ಯಕ್ಷರ ಬಿಳಿ ಪ್ಯಾಂಟಿನ ಮೇಲೆ. ಬಟ್ಟೆ ಬಿಚ್ಚುವ ಮುಂಚೆ ಬಲಗೈ ಎದೆ ಮೇಲಿಟ್ಟು, ‘ಹಿಡಿದ ಕೈ ನಡುವೆ ಬಿಡುವುದಿಲ್ಲ’ ಅಂತ ಪ್ರಮಾಣ ಮಾಡಬೇಕು. ನಾನು ಎಡಗೈ ಇಟ್ಟಿದ್ದೆ. ಕಣ್ಣು ಕಟ್ಟಿತ್ತಲ್ಲ ಅಂತ ವಾದಿಸಿದೆ. ಕಣ್ಣು ಕಟ್ಟಿದರೆ ಕೈ ಜಾಗ ಬದಲಾಯಿಸುತ್ತದಾ ಅಂತ ಮಾವ ಕೇಳಿದರು. ಆ ಪ್ರಶ್ನೆಯನ್ನು ಆಗಲೇ ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು.

ಸಂಘದೊಳಗೆ ಎಲ್ಲರೂ ಎಲ್ಲರಿಗೂ ಬ್ರದರ್. ಮಾವನನ್ನೂ ಹಾಗೇ ಕರೆಯಬೇಕು. ಮನೆಗೆ ಬಂದು ಹೇಳಿದಾಗ ಅಮ್ಮ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

“ನನ್ ತಮ್ಮ ನಿಂಗ ಅಣ್ಣ ಆದ್ರ ನಾನು ನಿಂಗ ಏನಾಗ್ಬೇಕ್ಲಾ? ಇವತ್ತು ಉಣ್ಣಕ್ಕ ಅಲ್ಲೇ ಓಗು.”

ನನ್ನ ಮೊದಲ ಸೇವೆ ನಡೆದದ್ದು ಯಳಂದೂರಿನ ಒಂದು ಶಾಲೆಯಲ್ಲಿ. ಅಧ್ಯಕ್ಷರಿಗೆ ಎಲ್ಲೋ ಸ್ವೆಟರುಗಳು ಸೋವಿಗೆ ಸಿಕ್ಕಿದ್ದವು, ಬೇಸಿಗೆಯಲ್ಲಿ. ಮಕ್ಕಳಿಗೆ ಹಂಚಿ, ಅಲ್ಲೇ ತೊಡಿಸಿ, ಸಾಲಾಗಿ ಕೂರಿಸಿದೆವು. ವಂದನಾರ್ಪಣೆ ನನ್ನದು. ಸ್ವೆಟರಿಗೆ ಉಣ್ಣೆ ಕೊಟ್ಟ ಕುರಿಯ ತನಕ ಎಲ್ಲರನ್ನೂ ವಂದಿಸಿ ಮುಗಿಸುವ ಹೊತ್ತಿಗೆ ಮಕ್ಕಳು ಕೆರೆಯಿಂದ ಎದ್ದು ಬಂದವರ ಹಾಗಿದ್ದರು. ಅವತ್ತಿನಿಂದ ಮೈಕನ್ನು ನನಗೆ ಕೊಡಬಾರದು, ಕೈಗೆ ಕೆಲಸ ಮಾತ್ರ ಕೊಡಬೇಕು ಅಂತ ಸೋದರರು ತೀರ್ಮಾನಿಸಿದರು.

ಹಾಗೆ ನನ್ನ ಕೈಗೆ ಬಂದದ್ದು ಪ್ಲಾಸ್ಟರು.

ಹನೂರಿನ ಕಣ್ಣಿನ ಶಿಬಿರ ನಮ್ಮ ಸಂಘದ ದೊಡ್ಡ ಹಬ್ಬ. ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಪೊರೆ ಬಲಿತ ಕಣ್ಣು ಎಡದ್ದೋ ಬಲದ್ದೋ ಅಂತ ಚೀಟಿ ಬರೆದು ನನ್ನ ಮುಂದೆ ಕಳಿಸುತ್ತಿದ್ದರು. ಆ ಕಡೆಯ ಹುಬ್ಬಿನ ಮೇಲೆ ನಾನು ಒಂದು ಚೂರು ಪ್ಲಾಸ್ಟರ್ ಅಂಟಿಸಿ, ಕೊಳ್ಳೇಗಾಲದ ಆಸ್ಪತ್ರೆಗೆ ಹೋಗುವ ವ್ಯಾನಿಗೆ ಹತ್ತಿಸಬೇಕು. ಅವರು ನನಗೆ ಎದುರಾಗಿ ಕೂತಿದ್ದರು. ನಾನು ನನ್ನ ಬಲಗೈ ಯಾವ ಕಡೆ ಇದೆ ನೋಡಿಕೊಂಡು, ಅದೇ ಕಡೆಯ ಕಣ್ಣಿಗೆ ಅಂಟಿಸುತ್ತಾ ಹೋದೆ. ಎದುರಿಗೆ ಕೂತವರ ಬಲ ನನ್ನ ಎಡಕ್ಕಿರುತ್ತದೆ ಅನ್ನುವ ವಿಷಯ, ಕನ್ನಡಿ ಮುಂದೆ ದಿನಾ ಕ್ರಾಪು ತೀಡುತ್ತಿದ್ದ ನನಗೆ ಹೊಳೆಯಲೇ ಇಲ್ಲ.

ಸರದಿಯಲ್ಲಿ ಪಕ್ಕದ ಹಳ್ಳಿ ಶಾಗ್ಯದ ಒಬ್ಬ ಅಜ್ಜಿ ಬಂದಳು. ಹಣೆ ತುಂಬ ವಿಭೂತಿ, ಕಂಕುಳಲ್ಲಿ ಬಟ್ಟೆ ಗಂಟು. ನಾನು ಪ್ಲಾಸ್ಟರ್ ಕತ್ತರಿಸುವಷ್ಟರಲ್ಲೇ ತನ್ನ ಕಥೆಯೆಲ್ಲ ಹೇಳಿದಳು. ಕಣ್ಣು ಕಾಣದೆ ಒಂದು ದಿನ ಸೆರಗಿಗೆ ಬೆಂಕಿ ಹತ್ತಿಕೊಂಡಿತಂತೆ. ಅವತ್ತಿನಿಂದ ಸೊಸೆ ಒಲೆ ಹತ್ತಿರಕ್ಕೆ ಬಿಡುವುದಿಲ್ಲ. ಕಣ್ಣು ಬಂದರೆ ಒಲೆ ನಿನ್ನದೇ ಅಂತ ಸೊಸೆ ಮಾತು ಕೊಟ್ಟಿದ್ದಾಳೆ. ಅಜ್ಜಿಗೆ ಬೇಕಾಗಿದ್ದು ಊರು ನೋಡುವುದಲ್ಲ, ಮೊಮ್ಮಕ್ಕಳ ಮುಖ ನೋಡುವುದೂ ಅಲ್ಲ. ತನ್ನ ಸೊಪ್ಪಿನ ಸಾರನ್ನು ತಾನೇ ಮಾಡಿ ಉಣ್ಣಬೇಕು, ಅಷ್ಟೇ. ನಾನು ಅಂಟಿಸಲು ಹೋದಾಗ ತಲೆ ಹಿಂದಕ್ಕೆಳೆದುಕೊಂಡಳು.

“ಅದಲ್ಲ ಕಣಪ್ಪ. ಉಣ್ಣೋ ಕೈ ಕಡೆ ಕಣ್ಣು.”

ಸುಮ್ಮನಿರಜ್ಜಿ, ನಿನ್ನ ಕಣ್ಣಿನ ವಿಷಯ ನಿನಗಿಂತ ಚೀಟಿಗೆ ಗೊತ್ತು ಅಂತ ಹೇಳಿ ಅಂಟಿಸಿಯೇಬಿಟ್ಟೆ.

ವ್ಯಾನು ಹೊರಡುವ ಮುಂಚೆ ಡಾಕ್ಟರು ಇನ್ನೊಂದು ಸಾರಿ ಟಾರ್ಚ್ ಹಿಡಿದು ಬಂದರು, ಪುಣ್ಯ. ಒಬ್ಬರನ್ನು ನೋಡಿದರು, ಇನ್ನೊಬ್ಬರನ್ನು ನೋಡಿದರು, ಮೂರನೆಯವರನ್ನು ನೋಡಿ ಟಾರ್ಚನ್ನು ನನ್ನ ಮುಖಕ್ಕೆ ಬಿಟ್ಟರು. ಎಲ್ಲರನ್ನೂ ಇಳಿಸಿ, ಪ್ಲಾಸ್ಟರು ಕಿತ್ತು, ಈ ಕಡೆಯಿಂದ ಆ ಕಡೆಗೆ ಅಂಟಿಸಬೇಕಾಯಿತು. ಪ್ಲಾಸ್ಟರಿನ ಜೊತೆ ಹುಬ್ಬೂ ಬಂತು. ಅವತ್ತು ಸಂಜೆ ಹನೂರಿನ ಸುತ್ತಮುತ್ತ ಒಂಟಿ ಹುಬ್ಬಿನ ಹಿರಿಯರ ಒಂದು ಹೊಸ ಕುಲವೇ ಹುಟ್ಟಿತ್ತು.

ಶಾಗ್ಯದ ಅಜ್ಜಿ ಮಾತ್ರ ಮತ್ತೆ ವ್ಯಾನು ಹತ್ತಲಿಲ್ಲ. ಗಂಟು ಕಂಕುಳಿಗಿಟ್ಟುಕೊಂಡು, ಎಡ ಬಲ ಗೊತ್ತಿಲ್ಲದವರ ಕೈಗೆ ಕಣ್ಣು ಕೊಟ್ಟು ಇರುವುದನ್ನೂ ಕಳೆದುಕೊಳ್ಳಲಾ ಅಂತ ಹೇಳಿ, ಯಾರದೋ ಕೈ ಹಿಡಿದು ಊರಿನ ಬಸ್ಸು ಹತ್ತಿಬಿಟ್ಟಳು.

ಡಾಕ್ಟರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಆ ಅಜ್ಜಿಯ ಪೊರೆ ಪೂರ್ತಿ ಬಲಿತಿದೆ, ನಾಳಿದ್ದಿಗೆ ಈ ಶಿಬಿರದ ಆಪರೇಷನ್‌ಗಳೆಲ್ಲ ಮುಗಿಯುತ್ತವೆ, ಇನ್ನು ಶಿಬಿರ ಮುಂದಿನ ವರ್ಷಕ್ಕೆ, ಅಷ್ಟು ದಿನ ಬಿಟ್ಟರೆ ಕಣ್ಣೇ ಹೋಗಬಹುದು ಅಂದರು, ಅಷ್ಟೇ. ಮಾವ ನನ್ನ ಎದೆ ಮೇಲಿನ ನೀಲಿ ಪಟ್ಟಿ ಬಿಚ್ಚಿ ಮಡಿಸಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಅಜ್ಜಿಯನ್ನು ಕರೆದುಕೊಂಡು ಬಾ, ಆಮೇಲೆ ತಗೋ ಅಂದರು.

ಮಾರನೇ ದಿನ ಬೆಳಿಗ್ಗೆ ಶಾಗ್ಯಕ್ಕೆ ಹೋದೆ. ಬಾಗಿಲಲ್ಲಿ ಸೊಸೆ ನಿಂತಿದ್ದಳು. ನನ್ನ ಟೈ ನೋಡಿದಳು.

“ಉಬ್ಬು ಕೀಳೋರು ನೀವೇನಾ ಸಾ?”

ಅಜ್ಜಿ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬರೀ ಕೈ ಅಂದಾಜು. ಕಾಳೆಲ್ಲ ಸಿಪ್ಪೆಯ ಮಂಕರಿಗೆ ಬೀಳುತ್ತಿತ್ತು, ಸಿಪ್ಪೆ ಪಾತ್ರೆಗೆ. ಸೊಸೆ ಒಳಗೆ ಕರೆದು ಮೆಲ್ಲಗೆ ಹೇಳಿದಳು. ಅತ್ತೆಯನ್ನು ಒಲೆಯಿಂದ ದೂರ ಇಟ್ಟಿರುವುದಕ್ಕೆ ಊರೆಲ್ಲ ತನ್ನನ್ನೇ ಆಡಿಕೊಳ್ಳುತ್ತದೆ. ಅವತ್ತು ಸೆರಗು ಹತ್ತಿಕೊಂಡಾಗ ಅತ್ತೆಯನ್ನು ತಬ್ಬಿಕೊಂಡು ಬೆಂಕಿ ಆರಿಸಿದ್ದೂ ತಾನೇ. ಮೊಣಕೈ ಕೆಳಗೆ ಸುಟ್ಟ ಕಲೆ ಇನ್ನೂ ಮಿರಮಿರ ಅನ್ನುತ್ತಿತ್ತು. “ಹೆಂಗಾರ ಮಾಡಿ ಕರ್ಕಂಡೋಗಿ ಸಾ,” ಅಂದಳು.

ನಾನು ಜಗಲಿ ಮೇಲೆ ಕೂತು ಸಂಘದ ಧ್ಯೇಯ, ವಿಜ್ಞಾನ, ಡಾಕ್ಟರ ಕೈಗುಣ ಎಲ್ಲವನ್ನೂ ಹೇಳಿದೆ. ಅಜ್ಜಿ ತಲೆ ಎತ್ತಲಿಲ್ಲ. ಹೇಳುವುದಕ್ಕೆ ಇನ್ನೇನೂ ಉಳಿಯದೆ ಹೋದಾಗ, ನೀನು ಹೇಳಿದ್ದೇ ಸರಿ ಅಜ್ಜಿ, ನಾನು ಕೇಳಲಿಲ್ಲ, ತಪ್ಪು ನಂದೇ ಅಂದೆ. ಅವಳ ಕೈ ನಿಂತಿತು.

“ಕಣ್ ಕಾಣ್ದೋರ ಮಾತು ಯಾಕ ಕೇಳ್ಬೇಕು ಅನ್ಕಂಡಲ್ಲ, ಅದುಕ್ಕ ಸಿಟ್ಟು ನಂಗ. ಬತ್ತೀನಿ ಬುಡು. ಆದ್ರ ನನ್ ಕಣ್ ಕಟ್ಟಿರೋಗಂಟ ನೀನೂ ಕಣ್ ಕಟ್ಕಂಡು ಪಕ್ಕದಲ್ಲಿ ಕೂತಿರ್ಬೇಕು. ಆಯ್ತದಾ?”

ಆಯ್ತದೆ ಅಂದೆ. ತಮಾಷೆಗೆ ಕೇಳುತ್ತಿದ್ದಾಳೆ ಅಂದುಕೊಂಡಿದ್ದೆ.

ಅವತ್ತು ಮಧ್ಯಾಹ್ನ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಗೆಲ್ಲ ಒಂದು ಕಣ್ಣಿಗೆ ಮಾಡಿದರೂ ಮಾರನೇ ದಿನದ ತನಕ ಎರಡಕ್ಕೂ ಕಟ್ಟು ಹಾಕುತ್ತಿದ್ದರು. ಮಂಚದ ಮೇಲೆ ಮಲಗಿದ ಕೂಡಲೇ ಅಜ್ಜಿ ಕೈ ಚಾಚಿ ನನ್ನ ಮುಖ ತಡವಿದಳು. ಬಟ್ಟೆ ಕಟ್ಟಿದೆಯಾ ಅಂತ ನೋಡಲು. ಮಾವನೇ ಸಂಘದ ಬೀರುವಿನಿಂದ ಕಪ್ಪು ಬಟ್ಟೆ ತಂದು, ಖುಷಿಯಿಂದ ಬಿಗಿಯಾಗಿ ಕಟ್ಟಿದರು.

ಆಮೇಲಿನದು ಕೇಳಬೇಡಿ. ಪಕ್ಕದ ಮಂಚದ ತಾತನ ಗಂಜಿ ಕುಡಿದೆ. ಬಾಗಿಲು ಅಂದುಕೊಂಡು ಕಪಾಟಿನೊಳಕ್ಕೆ ನಡೆದೆ. ಹೊಸದಾಗಿ ಬಂದ ನರ್ಸಮ್ಮ ನನ್ನನ್ನೂ ಪೇಷೆಂಟು ಅಂದುಕೊಂಡು ಯಾವ ಕಣ್ಣು ಅಂತ ಕೇಳಿದರು. ಎಡ ಅಂದೆ, ಅಲ್ಲ ಬಲ ಅಂದೆ. ಇಡೀ ವಾರ್ಡು ನಕ್ಕಿತು. ಬ್ರೆಡ್ಡು ಹಂಚಲು ಬಂದ ಸೋದರರು, ಆ ಎಣ್ಣೆ ಬಿದ್ದ ಪ್ಯಾಂಟಿನ ಅಧ್ಯಕ್ಷರೂ ಸೇರಿ, ನನಗೂ ಒಂದು ಪೊಟ್ಟಣ ಕೊಟ್ಟು ಬೇಗ ಗುಣವಾಗಲಿ ಅಂತ ಹರಸಿದರು.

ಸಂಜೆ ಹೊತ್ತಿಗೆ ಅಜ್ಜಿಯ ಕಣ್ಣು ಚುಚ್ಚಲು ಶುರುವಾಯಿತು. ಅವಳು ಕಟ್ಟಿಗೆ ಕೈ ಹಾಕುವುದು ಬಳೆ ಸದ್ದಿನಿಂದ ಗೊತ್ತಾಗಿ ಕೈ ಹಿಡಿದುಕೊಂಡೆ. ಕಿತ್ತರೆ ಎಲ್ಲ ಹಾಳಾಗುತ್ತದೆ ಅಂತ ಡಾಕ್ಟರು ಹೇಳಿದ್ದರು. ಬಿಡು ಅಂದಳು, ಬೈದಳು, ಆಮೇಲೆ ಸೊಪ್ಪಿನ ಹೆಸರು ಹೇಳುತ್ತಾ ಹೋದಳು. ಅಣ್ಣೆ, ಕೀರೆ, ನುಗ್ಗೆ, ಕಿರಕಸಾಲೆ. ಯಾವುದಕ್ಕೆ ಯಾವುದು ಎಷ್ಟು ಸೇರಬೇಕು ಅಂತ. ಕತ್ತಲಲ್ಲಿ ಕೂತು ಕೇಳುತ್ತಿದ್ದರೆ ನನಗೆ ಹಸಿವು. ಅವಳು ನಿದ್ದೆ ಹೋದಮೇಲೂ ಕೈ ಬಿಡುವ ಧೈರ್ಯ ಬರಲಿಲ್ಲ.

ಬೆಳಿಗ್ಗೆ ಡಾಕ್ಟರು ಅವಳ ಕಟ್ಟು ಬಿಚ್ಚಿದಾಗ ನಾನಿನ್ನೂ ಕತ್ತಲಲ್ಲೇ ಇದ್ದೆ. ಆಗ ನನ್ನ ಅಂಗಿಯನ್ನು ಯಾರೋ ಹಿಡಿದೆಳೆದರು. ಗುಂಡಿಯನ್ನು ಒಂದು ಮನೆ ಬಿಟ್ಟು ಹಾಕಿಕೊಂಡಿದ್ದೀಯಲ್ಲೋ ಅಂತ ಅಜ್ಜಿ. ಅವಳೇ ಬಿಚ್ಚಿ ಸರಿಯಾಗಿ ಹಾಕಿದಳು. ಆಮೇಲೆ ನನ್ನ ಕಣ್ಣಿನ ಬಟ್ಟೆ ಬಿಚ್ಚಿದಳು.

ಮಾವ ಪಟ್ಟಿ ವಾಪಸ್ಸು ಕೊಟ್ಟರು. ಒಲೆ ಹೊಗೆ ಕಣ್ಣಿಗೆ ತಗಲಬಾರದು ಅಂತ ಡಾಕ್ಟರು ಹೇಳಿದ್ದರಿಂದ ಅಜ್ಜಿ ಇನ್ನೂ ಒಂದೂವರೆ ತಿಂಗಳು ಕಾಯಬೇಕಾಯಿತು. ಅದು ಮುಗಿದ ವಾರವೇ ಹನೂರಿನ ಬಸ್ ಕಂಡಕ್ಟರ ಬಾಯಲ್ಲಿ ಅಜ್ಜಿಯ ಕರೆ ಬಂತು. ನಾನೂ ಮಾವನೂ ಹೋದೆವು. ಅಜ್ಜಿ ಒಲೆ ಮುಂದೆ ಕೂತಿದ್ದಳು. ಸೊಸೆ ಒಂದು ಮೊಳ ದೂರದಲ್ಲಿ ಕೂತು, ಸಾರಿನ ಕಡೆ ನೋಡದೆ ಅತ್ತೆಯ ಸೆರಗಿನ ಕಡೆಯೇ ನೋಡುತ್ತಿದ್ದಳು. ತಟ್ಟೆಗೆ ಮುದ್ದೆ ಬಂತು, ಸೊಪ್ಪಿನ ಸಾರು ಬಂತು. ನಾನು ಕೈ ಹಾಕುವಷ್ಟರಲ್ಲಿ ಅಜ್ಜಿ ಸೌಟು ಅಡ್ಡ ಹಿಡಿದು ಆ ಹೊಸ ಕಣ್ಣಿಂದ ನನ್ನನ್ನೇ ನೋಡಿದಳು.

“ಉಣ್ಣೋ ಕೈ ಯಾವ್ದು ಅಂತ ನೆಪ್ಪದಾ ಮಗ? ಇಲ್ದಿದ್ರ ಯೋಳು, ಪ್ಲಾಸ್ಟ್ರು ಅಂಟುಸ್ತೀನಿ.”