ಹಸಿಂತಾ ಹೊಸೆದ ಎಡಹುರಿ

ಲಾ ಪಾಸ್ ನಗರಕ್ಕೆ ಬೆಳಗಿನ ಬಿಸಿಲು ಇನ್ನೂ ಬಿದ್ದಿಲ್ಲ. ಟ್ಯಾಕ್ಸಿ ಸಾಲಿನಲ್ಲಿ ಮೂರನೆಯದು ಬಿಳಿ ಕಾರು, ಒಂದು ಬಾಗಿಲು ಮಾತ್ರ ಹಸಿರು. ದುಂಡು ಟೋಪಿ, ನೆರಿಗೆ ಲಂಗದ ಹಸಿಂತಾ ಕಾಲಿಸಾಯ ಅದರ ಬಾನೆಟ್ಟಿಗೆ ಒರಗಿ ಎಂಜಿನ್ನಿನ ಬಿಸಿಗೆ ಮೈ ಕಾಯಿಸಿಕೊಳ್ಳುತ್ತ ತಕಲಿ ತಿರುಗಿಸುತ್ತಿದ್ದಾರೆ, ಎಡಕ್ಕೆ.

“ಕಸೇರಾ, ಉಲ್ಟಾ ತಿರುಗಿಸ್ತಿದ್ದೀಯಲ್ಲೇ, ಕಾರೂ ಹಂಗೇ ಹಿಂದಕ್ಕೆ ಓಡಿಸ್ಬಿಟ್ಟೀಯ!” ನೇರಳೆ ಜೋಳದ ಬಿಸಿ ಆಪಿ ಮಾರುವ ಪೌಲಿನಾ ತಮ್ಮ ಖಾಯಂ ಗಿರಾಕಿಯನ್ನು ಚುಡಾಯಿಸುತ್ತಾರೆ. ಇಲ್ಲಿ ಮಾರುವವಳೂ ಖಾಯಂ ಕೊಳ್ಳುವವಳೂ ಒಬ್ಬರಿಗೊಬ್ಬರು ‘ಕಸೇರಾ’.

“ಮೊದ್ಲು ಆಪಿಗೆ ಸಕ್ಕರೆ ಹಾಕೇ ಕಸೇರಾ, ಆಮೇಲೆ ನನ್ನ ಕಾರಿನ ಚಿಂತೆ ಮಾಡು.”

ನಗುತ್ತಾರೆ, ಆದರೆ ಕೈ ಇಂದು ಸ್ವಲ್ಪ ಬಿರುಸು. ಹಳೆ ಬೀದಿಯ ಜವಳಿ ಮ್ಯೂಸಿಯಮ್ಮಿನಲ್ಲಿ ಒಂದು ಪದ ಉಳಿಯಿತೋ ಅಳಿಯಿತೋ, ಇವತ್ತು ಗೊತ್ತಾಗಬೇಕು. ಶನಿವಾರ ಅಲ್ಲಿನ ಸಮಿತಿ ಕೂತಿತ್ತು.

ಹಸಿಂತಾಗೆ ಐವತ್ತೆರಡು ವಯಸ್ಸು, ಟ್ಯಾಕ್ಸಿ ಹಿಡಿದು ಹತ್ತೊಂಬತ್ತು ವರ್ಷ. ದಿನಕ್ಕೆ ಹತ್ತು ತಾಸು, ಹದಿನೈದು ಸವಾರಿ, ಮೂರಾದರೂ ಮ್ಯೂಸಿಯಮ್ಮಿಗೆ. ಲಂಗ ಕ್ಲಚ್ಚಿಗೆ ಸಿಕ್ಕುತ್ತದೆಂದು ಗಂಡಸು ಚಾಲಕರು ಮೊದಲ ವರ್ಷ ಅವರನ್ನು ಸಾಲಿಗೇ ಸೇರಿಸಿರಲಿಲ್ಲ. “ಲಂಗ ಇವತ್ತಿನವರ್ಗೂ ಸಿಕ್ಕಿಲ್ಲ. ಅವ್ರ ಗಿರಾಕಿಗಳು ನಂಗೆ ಸಿಕ್ಕಿದ್ರು, ಅಷ್ಟೇ.”

ಹದಿನೇಳು ವರ್ಷ ಜನರನ್ನು ಆ ಬಾಗಿಲಲ್ಲಿ ಇಳಿಸಿದವರು ಒಮ್ಮೆಯೂ ಒಳಗೆ ಹೋಗಿರಲಿಲ್ಲ. ಬರಬೇಡವೆಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಬೀಳದಂತೆ ಕಟ್ಟಿದ ಮೆಟ್ಟಿಲುಗಳವು. ಎರಡು ವರ್ಷದ ಹಿಂದೆ ಯಾರೋ ಕಾರಿನಲ್ಲಿ ಕನ್ನಡಕ ಬಿಟ್ಟುಹೋದರು. ಕೊಡಲೆಂದು ಓಡಿದ ಹಸಿಂತಾ ಮೂರನೆಯ ಕೋಣೆಯಲ್ಲಿ ನಿಂತೇಬಿಟ್ಟರು. ಗಾಜಿನ ಹಿಂದೆ ಅವರದೇ ಊರು ಹಂಕೊಪಂಪಾದ ಹೊದಿಕೆ, ಮಗುವನ್ನೂ ಆಲೂಗಡ್ಡೆಯನ್ನೂ ಬೆನ್ನಿಗೆ ಕಟ್ಟಿಕೊಳ್ಳುವಂಥದ್ದು. ಕೆಳಗೊಂದು ಚೀಟಿ: ‘ಅಂಚಿನಲ್ಲಿ ನೇಕಾರಳ ತಪ್ಪು, ನೂಲು ಉಲ್ಟಾ ಹುರಿಗೊಂಡಿದೆ.’

“ತಪ್ಪಂತೆ! ಎಲ್ಲಾ ನೂಲೂ ಬಲಕ್ಕೇ ಹೊಸೀತೀವಿ. ಅಂಚಿಗೆ ಮಾತ್ರ ಬೇಕಂತ್ಲೇ ಎಡಕ್ಕೆ. ಮಗೂನ ಹುಡುಕ್ಕೊಂಡು ಬಂದ ಕೆಟ್ಟದ್ದು ಅಲ್ಲೇ ದಿಕ್ಕು ತಪ್ಪಿ ವಾಪಸ್ ಹೋಗ್ಬೇಕು. ನಮ್ಮವ್ವ ಕಣ್ಣು ಮುಚ್ಕೊಂಡು ಹೊಸೀತಿದ್ಲು. ತಪ್ಪು ಮಾಡೋಕೆ ಅವಳಿಗೆ ಪುರುಸೊತ್ತೆಲ್ಲಿತ್ತು?”

ಚೀಟಿ ಬದಲಿಸಲು ಕಚೇರಿಯವರು ಅರ್ಜಿ ಕೇಳಿದರು, ಹಸಿಂತಾ ಕೊಟ್ಟರು. ತಜ್ಞರು ಬೇಕೆಂದರು. “ಬಂದಿದ್ದೀನಲ್ಲ,” ಎಂದರು ಇವರು. ಅಲ್ಲಿದ್ದವರು ನಕ್ಕರು. ಬಟ್ಟೆಗೆ ಗಾಜಿನ ಮನೆ ಕಟ್ಟಿಸಿ, ಅದನ್ನು ಬಲ್ಲ ಕೈಗಳನ್ನು ಬೀದಿಯಲ್ಲಿ ನಿಲ್ಲಿಸುವವರ ನಗೆ ಅದು. ಹಸಿಂತಾ ಜಗಳಕ್ಕೆ ನಿಲ್ಲಲಿಲ್ಲ, ತಕಲಿ ಹಿಡಿದರು. ಅಂದಿನಿಂದ ಮ್ಯೂಸಿಯಮ್ಮಿಗೆ ಹೋಗುವ ಪ್ರತಿ ಗಿರಾಕಿಯ ಕೈಗೂ ಎಡಹುರಿಯ ದಾರ ಕಟ್ಟಿ, ಕಥೆ ಹೇಳಿ, ಮೂರನೆಯ ಕೋಣೆ ನೋಡಿ ಸಂದರ್ಶಕರ ಪುಸ್ತಕದಲ್ಲಿ ಬರೆಯಿರಿ ಎನ್ನುತ್ತಾರೆ. ‘ಅದು ತಪ್ಪಲ್ಲ’ ಎಂಬ ಸಾಲಿನಿಂದಲೇ ಎರಡು ಪುಸ್ತಕ ತುಂಬಿವೆ.

ಪೊತೊಸಿಯ ನಿವೃತ್ತ ಮೇಷ್ಟರು ಗ್ರೆಗೋರಿಯೋ ಕಿಟಕಿಗೆ ಬಗ್ಗುತ್ತಾರೆ. “ಮ್ಯೂಸಿಯಮ್ಮಿಗೆ ಎಷ್ಟಮ್ಮಾ?”

“ಹದಿನೈದು.”

“ಹತ್ತು.”

“ಹತ್ತಕ್ಕೆ ಅರ್ಧ ಏರು ಬಿಡ್ತೀನಿ ದೋನ್, ಮಿಕ್ಕಿದ್ದು ನಿಮ್ಮ ಉಸಿರು.”

“ಪೊತೊಸಿಯವನಮ್ಮಾ ನಾನು. ನಿಮ್ಮೂರು ನಮಗೆ ತಗ್ಗು!”

ಹನ್ನೆರಡಕ್ಕೆ ಒಪ್ಪಂದವಾಗುತ್ತದೆ. ಕೆಂಪು ದೀಪ ಬಿದ್ದಾಗ ಮೇಷ್ಟರ ಎಡಗೈಗೆ ದಾರ ಬೀಳುತ್ತದೆ, ಹಸಿರು ಬರುವಷ್ಟರಲ್ಲಿ ಕಥೆ ಮುಗಿದಿರುತ್ತದೆ.

ಬಾಗಿಲಲ್ಲಿ ಕಾವಲುಗಾರ ರುಫೀನೋ ಕೈ ಬೀಸುತ್ತಾರೆ. “ದೋನ್ಯಾ ಹಸಿಂತಾ, ಕಾರು ಅಲ್ಲೇ ಬಿಡಿ. ಬೇಗ ಬನ್ನಿ!”

ಹಿಂದಿನ ಕಾರು ಹಾರನ್ ಬಾರಿಸುತ್ತದೆ. ಬಾರಿಸಲಿ. ಮೂರನೆಯ ಕೋಣೆಯಲ್ಲಿ ಹೊಸ ಚೀಟಿ. ಮೇಷ್ಟರು ತರಗತಿಗೆ ಓದುವಂತೆ ಗಟ್ಟಿಯಾಗಿ ಓದುತ್ತಾರೆ: “ಅಂಚು: ಕಾವಲಿಗೆಂದು ಎಡಕ್ಕೆ ಹೊಸೆದ ನೂಲು. ನೇಯ್ದವರು: ಅಜ್ಞಾತ.”

ಹಸಿಂತಾ ಗಾಜಿಗೆ ಎಷ್ಟು ಹತ್ತಿರ ನಿಂತಿದ್ದಾರೆಂದರೆ ಅವರ ಉಸಿರಿಗೆ ಅದು ಮಂಜಾಗುತ್ತದೆ. ಲಂಗದ ಅಂಚಿನಿಂದ ಒರೆಸಿ, “ಹೋಯ್ತು,” ಎನ್ನುತ್ತಾರೆ. “ನಮ್ಮೂರ ಅವ್ವಂದಿರ ಮೇಲಿದ್ದ ತಪ್ಪು ಹೋಯ್ತು.”

“ಇನ್ನಾದ್ರೂ ತಕಲಿ ಎತ್ತಿಡಿ ದೋನ್ಯಾ,” ರುಫೀನೋ ನಗುತ್ತಾರೆ. “ದಿನಾ ಪುಸ್ತಕ ಹೊತ್ತು ನನ್ನ ಕೈ ಬಿದ್ದೋಗಿದೆ.”

“ಅಜ್ಞಾತ ಅಂದ್ರೇನು ಮೇಷ್ಟ್ರೇ?”

“ಯಾರು ಅಂತ ಗೊತ್ತಿಲ್ಲ ಅಂತಮ್ಮಾ.”

“ಹೆಸ್ರು ಗೊತ್ತಿಲ್ಲ, ಸರಿ. ಹಂಕೊಪಂಪಾದ ಹೆಂಗಸು ಅಂತ ಗೊತ್ತಲ್ಲ? ಅಷ್ಟು ಬರೆದ್ರೆ ಸಾಕು ನಂಗೆ.” ಪುಸ್ತಕವನ್ನೂ ಪೆನ್ನನ್ನೂ ಮೇಷ್ಟರ ಕಡೆ ತಳ್ಳುತ್ತಾರೆ. “ಮೊದಲ್ನೇ ಸಾಲು ನಿಮ್ದೇ ಆಗ್ಲಿ.”

ರುಫೀನೋ ಹಣೆ ಚಚ್ಚಿಕೊಳ್ಳುತ್ತಾರೆ. ಹೊರಗೆ ಹಾರನ್ ನಾಲ್ಕಾಗಿದೆ. ಹಸಿಂತಾ ಟೋಪಿ ಸರಿ ಮಾಡಿಕೊಂಡು ಮೆಟ್ಟಿಲ ನಟ್ಟನಡುವೆ ಇಳಿಯುತ್ತಾರೆ.

“ಕೈ ಗಟ್ಟಿ ಮಾಡ್ಕೊಳ್ಳಿ ದೋನ್ ರುಫೀನೋ. ಮನೇಲಿನ್ನೂ ಒಂದು ಮೂಟೆ ಉಣ್ಣೆ ಇದೆ!”