ಎಣಗಾಯಿಗೆ ಬಿದ್ದ ಖಾರದ ಲೆಕ್ಕ

ಮೊದಲಿಗೆ ನಾನು ಹಾಕಿದ್ದು ಎರಡು ಚಮಚ ಖಾರ. ಅದರಲ್ಲಿ ನನಗೆ ಸಂಶಯವಿಲ್ಲ. ನಮ್ಮ ಕಡೆ ಮೆಣಸಿನಪುಡಿಗೂ ಖಾರ ಎನ್ನುತ್ತೇವೆ, ಅದು ಬಾಯಿಗೆ ಮಾಡುವುದಕ್ಕೂ ಖಾರ ಎನ್ನುತ್ತೇವೆ. ಈಗ ಹೇಳುತ್ತಿರುವುದು ಪುಡಿಯ ಲೆಕ್ಕ.

ಜಮಖಂಡಿಯಿಂದ ಬನಹಟ್ಟಿಗೆ ಸೊಸೆಯಾಗಿ ಬಂದು ಎರಡು ತಿಂಗಳಾಗಿತ್ತು. ಆ ದಿನ ಮೈದುನನಿಗೆ ಹೆಣ್ಣು ಕೊಡುವವರು ಅನಗವಾಡಿಯಿಂದ ಊಟಕ್ಕೆ ಬರುವವರಿದ್ದರು. ಹುಡುಗ ಹುಡುಗಿ ಆಗಲೇ ಮೆಚ್ಚಿಕೊಂಡಿದ್ದರು. ಅವಳ ಅಪ್ಪ ಮಾತ್ರ ಇನ್ನೂ ಹೂಂ ಅಂದಿರಲಿಲ್ಲ.

"ವೈನಿ, ಅಡಿಗಿ ಒಂದೀಟ ನೋಡ್ಕೊಂಡ ಮಾಡ್ರಿ. ನನ್ನ ಲಗ್ನ ನಿಮ್ಮ ಕೈಯಾಗ ಐತಿ," ಎಂದು ಮೈದುನ ಬೆಳಿಗ್ಗೆಯಿಂದ ಮೂರು ಸಲ ಹೇಳಿದ್ದ.

ನಾನು ಬದನೆಕಾಯಿ ಎಣಗಾಯಿಗೆ ಮಸಾಲೆ ಕಲಸುತ್ತಿದ್ದೆ. ಪಡಸಾಲೆಯಲ್ಲಿ ಎರಡು ಪವರ್‌ಲೂಮ್ ಓಡುತ್ತಿದ್ದವು. ಅವು ಓಡುವಾಗ ಆ ಮನೆಯಲ್ಲಿ ಯಾರೂ ಬಾಯಿಂದ ಮಾತಾಡುವುದಿಲ್ಲ, ಬೆರಳಿನಿಂದ ಮಾತಾಡುತ್ತಾರೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಮಗ್ಗದ ಹತ್ತಿರವಿದ್ದ ಅತ್ತೆಗೆ ಖಾರದ ಚಮಚ ಎತ್ತಿ ತೋರಿಸಿ, ಸಾಕೇ ಎಂದು ಹುಬ್ಬು ಹಾರಿಸಿದೆ. ಅವರು ನಾಲ್ಕು ಬೆರಳು ತೋರಿಸಿದರು. ಒಳಗೆ ಹೋಗಿ ಇನ್ನೂ ನಾಲ್ಕು ಹಾಕಿದೆ. ಆಮೇಲೆ ನೀರು ತರಲು ಹಿತ್ತಲಿಗೆ ಹೋದೆ.

ಬಂದವರು ಊಟಕ್ಕೆ ಕೂತರು. ಮಗ್ಗ ನಿಂತಿದ್ದವು. ಹುಡುಗಿಯ ಅಪ್ಪ ಮೊದಲ ತುತ್ತು ನುಂಗಿದರು. ಅವರ ಕಿವಿ ಕೆಂಪಾದವು. ಮೊದಲು ಎಡಗಿವಿ, ಆಮೇಲೆ ಬಲಗಿವಿ. ಅತ್ತೆ ನನ್ನನ್ನು ಒಳಗೆ ಎಳೆದುಕೊಂಡು ಹೋದರು.

"ಖಾರ ಎಷ್ಟ ಹಾಕೀದಿ ಬೇ?"

"ಎರಡ್ರಿ. ಮ್ಯಾಲ ನೀವು ಹೇಳಿದ ನಾಕು."

"ಯವ್ವಾ! ನಾಕ ಮಂದಿ ಬರ್ತಾರಂತ ಹೇಳಿದ್ನಲ್ಲ ನಾ!" ಎಂದರು ಅತ್ತೆ. ಆಮೇಲೆ ದನಿ ಇಳಿಸಿ, "ಜಮಖಂಡಿಯಾಕಿ, ಸಪ್ಪಗ ಮಾಡಿರ್ತಾಳಂತ, ನೀ ನೀರಿಗೆ ಹೋದಾಗ ನಾನೂ ಎರಡ ಹಾಕೇನಿ," ಎಂದರು.

ಎಂಟು. ನಾನು ಮೊಸರಿನ ಗಡಿಗೆ ಎತ್ತಿಕೊಂಡೆ.

ನಾವು ಹೊರಗೆ ಬಂದಾಗ ಹುಡುಗಿಯ ಅಪ್ಪ ಎರಡನೆಯ ತಂಬಿಗೆ ಮಜ್ಜಿಗೆ ಮುಗಿಸಿ ಹಣೆ ಒರೆಸಿಕೊಳ್ಳುತ್ತಿದ್ದರು.

"ಎಣಗಾಯಿ ಯಾರ ಮಾಡ್ಯಾರ್ರಿ?"

"ನಾನ್ರಿ," ಎಂದೆ. ಮೈದುನ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ.

"ನನ್ನ ಮಗಳ ಕೈ ಖಾರದಾಗ ಭಾಳ ಬಿರುಸ ಐತ್ರಿ," ಎಂದರು ಅವರು. "ಆಕಿ ಅಡಿಗಿ ಯಾರ ಉಂಡಾರು ಅನ್ನೂದ ಒಂದ ಚಿಂತಿ ಇತ್ತು ನನಗ. ಇಲ್ಲೆ ಆಕಿ ಮಾಡಿದ್ದು ಸಪ್ಪಗ ಅನಸತೇತಿ ಬಿಡ್ರಿ. ನಮ್ಮದು ಹೂಂ. ಹುಡುಗ ಏನಂತಾನು?"

ಎಲ್ಲರೂ ಮೈದುನನ ಕಡೆ ತಿರುಗಿದರು. ಅವನ ಕಣ್ಣು ಮೂಗು ಎರಡೂ ಹರಿಯುತ್ತಿದ್ದವು. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಮೊದಲ ಮೊಸರ ಹಾಕ್ರಿ ವೈನಿ," ಎಂದ.