ಅವ್ವನ ಹಾಡು ಇದ್ದ ಫ್ಲಾಪಿ

ಕರ್ಪೂರದ ವಾಸನೆಗೆ ಬೇರೆಯವರಿಗೆ ದೇವರ ನೆನಪಾಗಬಹುದು. ನನಗೆ ಇಂದಿಗೂ ಸಿಟ್ಟು ಬರುತ್ತದೆ. ಆ ವಾಸನೆ ನನ್ನನ್ನು ಹುಮನಾಬಾದಿನ ನಮ್ಮ ಮನೆಯ ಹೊರಗಿನ ಕೋಣೆಗೆ ಎಳೆದೊಯ್ಯುತ್ತದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪನ ತಮ್ಮ, ನಮ್ಮ ಕಾಕಾ, ಅಲ್ಲಿ ಒಂದೇ ಒಂದು ಕಂಪ್ಯೂಟರ್ ಇಟ್ಟು ಕ್ಲಾಸು ನಡೆಸುತ್ತಿದ್ದ. ಬಸವಕಲ್ಯಾಣದಿಂದ, ಮಂಠಾಳದಿಂದ ಹುಡುಗರು ಬಸ್ಸು ಹಿಡಿದು ಬಂದು, ಚಪ್ಪಲಿ ಹೊರಗೆ ಬಿಟ್ಟು, ಗುಡಿಗೆ ಬಂದವರಂತೆ ಮೆಲ್ಲಗೆ ಕೂಡುತ್ತಿದ್ದರು. ನಾನಿನ್ನೂ ಸಾಲೆಯ ಹುಡುಗಿ. ಯಾರು ಬಂದರು, ಯಾವ ಬಸ್ಸಿಗೆ ಹೋದರು, ಏನು ಅಡಿಗೆ, ಎಲ್ಲವನ್ನೂ ತಾರೀಖು ಹಾಕಿ ಡೈರಿಯಲ್ಲಿ ಬರೆಯುವ ಚಟ ನನಗೆ ಆಗಲೇ ಹತ್ತಿತ್ತು.

ಸಂಜೆ ಕ್ಲಾಸು ಬಿಟ್ಟ ಮೇಲೆ ಆ ಕೋಣೆ ಆಯಿಯದು. ಆಯಿ ಅಂದರೆ ಅಪ್ಪನ ತಾಯಿ, ಮೋರಖಂಡಿಯ ಮಗಳು. ತನಗೆ ಎಷ್ಟು ಬೀಸುವ ಹಾಡು ಬರುತ್ತವೆಂದು ಅವಳಿಗೇ ಗೊತ್ತಿರಲಿಲ್ಲ, ಏಕೆಂದರೆ ಬೀಸುಕಲ್ಲು ತಿರುಗದ ಹೊರತು ಒಂದೂ ನೆನಪಾಗುತ್ತಿರಲಿಲ್ಲ. ಸುಮ್ಮನೆ ಹೇಳು ಅಂದರೆ ಎರಡು ಸಾಲಿಗೇ ನಿಲ್ಲುವಳು. "ಕೈ ಸುಮ್ಮ ಕುಂತ್ರ ಬಾಯಿ ಹ್ಯಾಂಗ ನಡೀತದ ಬೇ?" ಅನ್ನುವಳು. ಅದಕ್ಕೇ ಶಾಂತಾ ಅತ್ತಿ ಬೀಸುಕಲ್ಲನ್ನು ಕಂಪ್ಯೂಟರಿನ ಮಗ್ಗುಲಿಗೇ ತಂದಿಟ್ಟಳು. ಅತ್ತಿ ಅಪ್ಪನ ತಂಗಿ, ಗಂಡನ ಮನೆ ಬಿಟ್ಟು ಬಂದು ನಮ್ಮಲ್ಲೇ ಇದ್ದವಳು. ಆಯಿ ಜೋಳ ಹಾಕುತ್ತ ಹಾಡುವಳು, ಅತ್ತಿ ಟೈಪು ಮಾಡುವಳು. ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಆಯಿಯ ಮಾತನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಕೂಡಿಸಬೇಕಿತ್ತು. ಹಿಂದೆ ಹಾಳೆಯ ಮೇಲೆ ಬರೆದಿಟ್ಟಿದ್ದನ್ನು ಗೆದ್ದಲು ತಿಂದಿತ್ತು. ಈ ಕರಿಯ, ಬಾಗುವ ಫ್ಲಾಪಿಗೆ ಗೆದ್ದಲು ಹತ್ತುವುದಿಲ್ಲವೆಂದು ಅತ್ತಿಯ ನಂಬಿಕೆ.

ಕಾಕಾನಿಗೆ ಹಿಟ್ಟಿನದೇ ಚಿಂತೆ. "ಅವ್ವಾ, ಮಶಿನ್ ತುಂಬ ಹಿಟ್ಟಾಗ್ಯಾದ. ಇದೇನ ಕ್ಲಾಸೋ, ಗಿರಣಿಯೋ?"

"ಗಿರಣಿ ಆದ್ರ ನಾಕ ಮಂದಿ ಬರ್ತಾರಪ್ಪ. ನಿನ್ನ ಕ್ಲಾಸಿಗಿ ಯಾರ ಬರಾಕತ್ತಾರ?"

ಬೇಸಿಗೆಯಲ್ಲಿ ಆಯಿ ತೀರಿಕೊಂಡಳು. ಅತ್ತಿ ಫ್ಲಾಪಿಯ ಮೇಲೆ 'ಅವ್ವನ ಹಾಡು' ಎಂದು ಬರೆದು, ಅದರ ಅಂಚಿನ ಕಚ್ಚಿಗೆ ಬೆಳ್ಳಿ ಬಣ್ಣದ ಪಟ್ಟಿ ಅಂಟಿಸಿದಳು. ಪಟ್ಟಿ ಇದ್ದರೆ ಒಳಗಿನದನ್ನು ಓದಬಹುದು, ಅಳಿಸಲು ಬರದು.

ದಸರೆಯ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಬಂತು. ಕುಡುಗೋಲು, ತಕ್ಕಡಿ, ಹೊಲಿಗೆ ಯಂತ್ರ, ಎಲ್ಲವನ್ನೂ ತೊಳೆದು ಒರೆಸಿ ಸಾಲಾಗಿ ಇಡುವುದು ನಮ್ಮ ಮನೆಯ ಪದ್ಧತಿ. "ಹತ್ಯಾರ ಅಂದ್ರ ಸಾಫ ಇರಬೇಕು" ಎಂದು ಕಾಕಾ ಮುಂಜಾನೆಯೇ ಕಂಪ್ಯೂಟರಿನ ಮುಂದೆ ಕುಳಿತ. ಇದ್ದ ಫ್ಲಾಪಿಗಳನ್ನೆಲ್ಲ ಒಂದೊಂದಾಗಿ ಫಾರ್ಮ್ಯಾಟ್ ಮಾಡತೊಡಗಿದ. ಫಾರ್ಮ್ಯಾಟ್ ಎಂದು ಹೊಡೆದು, ಮುಂದೆ ಎ ಅಕ್ಷರ, ಎರಡು ಚುಕ್ಕೆ ಇಟ್ಟರೆ ಸಾಕು, ಯಂತ್ರ ಕಟಕಟ ಹಲ್ಲು ಕಡಿಯುತ್ತ ಎಲ್ಲ ಅಳಿಸುತ್ತಿತ್ತು. ಮುಗಿದ ಮೇಲೆ, ಇನ್ನೊಂದು ಇದೆಯೇ ಎಂದು ಕೇಳುತ್ತಿತ್ತು. ಕಾಕಾ ವೈ ಒತ್ತುತ್ತ ಹೋದ. ಆಯಿಯ ಫ್ಲಾಪಿ ಬಂದಾಗ ಯಂತ್ರ ಒಲ್ಲೆ ಅಂದಿತು. ಕಾಕಾ ಅದನ್ನು ಹೊರತೆಗೆದು, ಮೇಲಿನ ಹೆಸರು ಓದಿ, ಉಗುರಿನಿಂದ ಪಟ್ಟಿ ಕಿತ್ತು, ಮತ್ತೆ ಒಳಗೆ ತಳ್ಳಿದ. ಬಾಗಿಲಿಗೆ ಮಾವಿನೆಲೆ ಕಟ್ಟುತ್ತಿದ್ದ ನಾನು ಅದನ್ನು ಕಂಡೆ. ಆ ಪಟ್ಟಿ ಏಕೆಂದು ನನಗೆ ಆಗ ತಿಳಿದಿರಲಿಲ್ಲ. ಅವನಿಗೆ ತಿಳಿದಿತ್ತು. ಹುಡುಗರಿಗೆ ಅವನು ಮೊದಲ ದಿನ ಕಲಿಸುತ್ತಿದ್ದದ್ದೇ ಅದು.

ಕರ್ಪೂರ ಹಚ್ಚಿದ ಆರತಿ ತಟ್ಟೆ ಹಿಡಿದು ಬಂದ ಅತ್ತಿ ಪಟ್ಟಿಯಿಲ್ಲದ ಫ್ಲಾಪಿ ನೋಡಿದಳು. ತಟ್ಟೆ ಕೆಳಗಿಟ್ಟು, ಅದನ್ನು ಯಂತ್ರಕ್ಕೆ ಹಾಕಿ ನೋಡಿದಳು. ಏನೂ ಇರಲಿಲ್ಲ.

"ಅಣ್ಣಾ, ಇದರಾಗ ಅವ್ವನ ಹಾಡ ಇದ್ವು."

"ಗೊತ್ತದ. ಇದೊಂದನ್ನ ಹೊಲಸ ಬಿಟ್ಟು ಪೂಜಿ ಹ್ಯಾಂಗ ಮಾಡಲಿ? ಮತ್ತ ಟೈಪ್ ಮಾಡು."

"ಯಾರನ್ನ ಕೇಳಿ ಮಾಡಲಿ?"

ಅಪ್ಪ ನಡುವೆ ಬಂದ. "ಹಬ್ಬದ ದಿನ ಯಾಕ ಕಿರಿಕಿರಿ? ಆರತಿ ಮಾಡು, ಮುಗಸು."

ಅತ್ತಿ ಕುಡುಗೋಲಿಗೆ ಬೆಳಗಿದಳು, ತಕ್ಕಡಿಗೆ, ಹೊಲಿಗೆ ಯಂತ್ರಕ್ಕೆ, ಮೂಲೆಯ ಬೀಸುಕಲ್ಲಿಗೆ ಬೆಳಗಿದಳು. ಕಂಪ್ಯೂಟರನ್ನು ದಾಟಿ ಒಳಗೆ ಹೋದಳು. ಆ ದಿನದ ಡೈರಿಯಲ್ಲಿ ನಾನು ಬರೆದದ್ದು ಇಷ್ಟೆ: ಪೂಜೆ ಆಯಿತು. ಹೋಳಿಗೆ. ಅತ್ತಿ ಉಣ್ಣಲಿಲ್ಲ.

ಮುಂದೆ ಊರಲ್ಲಿ ದೊಡ್ಡ ಕ್ಲಾಸು ಬಂದು ಕಾಕಾನದು ಮುಚ್ಚಿತು. ಮನೆಯನ್ನೂ ಮಾರಿದರು, ಆ ಕೋಣೆಯಿದ್ದಲ್ಲಿ ಈಗ ಟೈರಿನ ಅಂಗಡಿ. ಮನೆಯವರು ಹುಡುಕಿದ ಕಾರಣ ಒಂದೇ: "ಆವತ್ತ ಶಾಂತಾ ಮಶಿನಿಗಿ ಆರತಿ ಮಾಡಲಿಲ್ಲ." ಮದುವೆಗಳಲ್ಲಿ, ಬಸುರಿಯರ ಕುಬಸಗಳಲ್ಲಿ, ನಗುತ್ತ ಹೇಳಿದರು, ಅತ್ತಿ ಬಡಿಸುತ್ತಿರುವಾಗಲೇ ಹೇಳಿದರು. ಅಳಿಸಿದವನ ಮಾತನ್ನು ಒಬ್ಬರೂ ಎತ್ತಲಿಲ್ಲ. ಅವನು ಅಳಿಸಿದ್ದು ತನ್ನ ಹೆತ್ತ ತಾಯಿಯ ಬಾಯನ್ನು. ಇದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಮನಸ್ಸೂ ಇಲ್ಲ.

ಅತ್ತಿ ತೀರಿಕೊಂಡ ದಿನ ಮೋರಖಂಡಿಯಿಂದ ಆಯಿಯ ತವರಿನ ಮುದುಕಿಯೊಬ್ಬಳು ಬಂದು ತಲೆಯ ಬಳಿ ಕುಳಿತಳು. "ಮಗಳನ್ನ ಕಳಸೂದು ಒಂದ ಹಾಡ ನಿಮ್ಮಾಯಿ ಹಾಡತಿದ್ಳಲ್ಲ, ಅದನ್ನ ಎತ್ರಿ" ಅಂದಳು. ನಮ್ಮ ಮನೆಯ ಹೆಂಗಸರಲ್ಲಿ ಯಾರಿಗೂ ಅದು ಬರುತ್ತಿರಲಿಲ್ಲ. ಕಾಕಾ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ಮುದುಕಿ ತಾನೇ ಒಂದು ಸಾಲು ಎತ್ತಿದಳು, ಮುಂದಿನದು ಸಿಗದೆ ನಿಂತಳು, ಮತ್ತೆ ಅದೇ ಸಾಲನ್ನು ಹಾಡಿದಳು. ಅತ್ತಿಯನ್ನು ಎತ್ತುವವರೆಗೂ ಆ ಒಂದು ಸಾಲೇ ಇತ್ತು.